ಅಕ್ಕನ ಸಂಬಳ ಯಾರ ಸಂಬಳದಿಂದ?

(ಹೆಸರು, ಬಡಾವಣೆ, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ಬರೆಯೋದಕ್ಕೆ ದಂಪತಿಯ ಒಪ್ಪಿಗೆ ಇದೆ.)

ಪ್ರಶಾಂತ್ ಮತ್ತು ಸ್ಮಿತಾ ನನ್ನ ಬಳಿ ಸಲಹೆಗೆ ಬಂದಿದ್ದು ಸಂಬಳದ ಜಗಳ ಹೊತ್ತುಕೊಂಡು. ಅವರ ಸಂಬಳ ಅಲ್ಲ, ಮಗು ನೋಡಿಕೊಳ್ಳುವ ರತ್ನಕ್ಕನದು. ಮಗಳಿಗೆ ಒಂದೂವರೆ ವರ್ಷ. ಸ್ಮಿತಾಳ 26 ವಾರದ ಹೆರಿಗೆ ರಜೆ ಮುಗಿಯುವ ಹೊತ್ತಿಗೆ ರತ್ನಕ್ಕ ಸೇರಿದ್ದರು. ತಿಂಗಳಿಗೆ 16,000 ರೂಪಾಯಿ, ಬೆಳಿಗ್ಗೆ 9ರಿಂದ ಸಂಜೆ 6, ಭಾನುವಾರ ರಜೆ ಅಂತ ಮಾತಾಗಿತ್ತು. ವರ್ಷ ತುಂಬಿದ ಮೇಲೆ ಒಂದು ಸಂಜೆ ಅವರು ಚಪ್ಪಲಿ ಹಾಕಿಕೊಳ್ಳುತ್ತಾ ಬಾಗಿಲಲ್ಲೇ ಹೇಳಿದರಂತೆ: "ಮುಂದಿನ ತಿಂಗಳಿಂದ 22,000 ಮಾಡ್ಕೊಡಿ ಮೇಡಂ. ಎದುರು ಬ್ಲಾಕ್‌ನಲ್ಲಿ ಕರೀತಿದ್ದಾರೆ."

ಅಲ್ಲಿಂದ ಗಂಡ ಹೆಂಡತಿಗೆ ಮಾತುಕತೆ ಅಷ್ಟಕ್ಕಷ್ಟೆ. ಒಂದೇ ಸಲಕ್ಕೆ 6,000 ಕೇಳೋದು ದುರಾಸೆ ಅನ್ನೋದು ಪ್ರಶಾಂತ್ ವಾದ. ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗ್ರೂಪಿನಲ್ಲಿ ವಿಚಾರಿಸಿದ್ದಾರೆ. 12,000ದಿಂದ 25,000ದವರೆಗೆ ಉತ್ತರ ಬಂದಿದೆ. ಜೊತೆಗೆ ಯಾರೋ ಒಬ್ಬರು, "ದಯವಿಟ್ಟು ರೇಟ್ ಹಾಳು ಮಾಡಬೇಡಿ" ಅಂತಲೂ ಬರೆದಿದ್ದಾರೆ. ಊರಿಂದ ಬಂದು ಜೊತೆಗಿರುವ ಅತ್ತೆ, "ನಾವೇನು ಆಳಿಟ್ಟುಕೊಂಡು ಮಕ್ಕಳನ್ನ ಸಾಕಿದ್ವಾ?" ಅಂತ ದಿನಕ್ಕೊಂದು ಸಲ ಅನ್ನುತ್ತಾರೆ. ಸ್ಮಿತಾಗೆ ರತ್ನಕ್ಕ ಬಿಟ್ಟು ಹೋದರೆ ಅನ್ನೋ ಭಯ. ಮಗು ಅವರ ಕೈಯಲ್ಲೇ ಊಟ ಮಾಡುತ್ತೆ, ಅವರ ಹೆಗಲ ಮೇಲೇ ನಿದ್ದೆ ಹೋಗುತ್ತೆ.

"ಮೇಡಂ, ನ್ಯಾಯವಾಗಿ ಎಷ್ಟು ಕೊಡಬೇಕು ಹೇಳಿಬಿಡಿ, ಅಷ್ಟು ಸಾಕು," ಅಂದರು ಪ್ರಶಾಂತ್.

ಆಮೇಲೆ ಅವರೇ ಒಂದು ಮಾತು ಸೇರಿಸಿದರು. "ಇವಳ ಕೈಗೆ ಬರೋದು 65,000. ಅದರಲ್ಲಿ 22,000 ಅಕ್ಕನಿಗೇ ಕೊಟ್ಟರೆ ಮೂರರಲ್ಲಿ ಒಂದು ಭಾಗ ಹೋಯ್ತು. ಹಾಗಿದ್ದ ಮೇಲೆ ಇವಳು ಕೆಲಸಕ್ಕೆ ಹೋಗಿ ಏನು ಲಾಭ?"

ಸ್ಮಿತಾ ಕಿಟಕಿ ಕಡೆ ತಿರುಗಿ ಕೂತರು. ಜಗಳದ ಬೇರು ಎಲ್ಲಿದೆ ಅಂತ ನನಗೆ ಅಲ್ಲೇ ಸುಳಿವು ಸಿಕ್ಕಿತು.

ಪ್ರಶಾಂತ್ ಕೈಗೆ ಬರೋದು 1,10,000. ಮನೆ ಸಾಲದ ಕಂತು 48,000, ಅವರ ಖಾತೆಯಿಂದ ಹೋಗುತ್ತೆ. "ನಿಮ್ಮ ಸಂಬಳದಲ್ಲಿ ಹೆಚ್ಚುಕಮ್ಮಿ ಅರ್ಧ ಇಎಂಐಗೇ ಹೋಗುತ್ತಲ್ಲ, ನೀವು ಕೆಲಸಕ್ಕೆ ಹೋಗಿ ಏನು ಲಾಭ ಅಂತ ಯಾರಾದರೂ ಕೇಳಿದ್ದಾರಾ?" ಅಂದೆ. ನಕ್ಕರು. ಮನೆ ಇಬ್ಬರದ್ದೂ ಅಲ್ವಾ ಅಂದರು. ಮಗು? ಅದಕ್ಕೆ ನಗು ಬರಲಿಲ್ಲ.

ಇದು ಇವರೊಬ್ಬರ ಕತೆ ಅಲ್ಲ. ಈ ಊರಲ್ಲಿ ನನ್ನ ಹತ್ತಿರ ಬರುವ ದಂಪತಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕಾರಿನ ಕಂತು, ಮನೆಯ ಕಂತು, ಅಪ್ಪ ಅಮ್ಮನ ಔಷಧಿ ಎಲ್ಲ ಸಂಸಾರದ ಖರ್ಚು. ಮಗು ನೋಡಿಕೊಳ್ಳುವವರ ಸಂಬಳ ಮಾತ್ರ ತಾಯಿ ಕೆಲಸಕ್ಕೆ ಹೋಗುವುದರ ಖರ್ಚು. ಹಾಗೆ ಲೆಕ್ಕ ಹಾಕಿದಾಗ ಯಾವ ಮೊತ್ತವೂ ಜಾಸ್ತಿಯಾಗೇ ಕಾಣುತ್ತೆ. ಅದೇ 22,000ವನ್ನು ಇಬ್ಬರ ಒಟ್ಟು 1,75,000ದ ಪಕ್ಕ ಇಟ್ಟರೆ ಎಂಟರಲ್ಲಿ ಒಂದು ಭಾಗ. ಪ್ರಶಾಂತ್ ಕಂಪನಿಯಲ್ಲಿ ಸಾವಿರಾರು ಜನ ಇದ್ದಾರೆ. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕು ಅನ್ನೋದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ ನಿಯಮ. ನಿಮ್ಮಲ್ಲಿ ಏನಿದೆ ಅಂದರೆ ಅವರಿಗೆ ಗೊತ್ತಿರಲಿಲ್ಲ. ವಿಚಾರಿಸಬೇಕು ಅಂತಲೇ ಹೊಳೆದಿರಲಿಲ್ಲ. ಸ್ಮಿತಾ ಮಾತ್ರ ತನ್ನ ಆಫೀಸಿನಲ್ಲೂ, ಜೆ.ಪಿ. ನಗರದ ನಾಲ್ಕಾರು ಡೇಕೇರ್‌ಗಳಲ್ಲೂ ವಿಚಾರಿಸಿ ಬಂದಿದ್ದರು.

ಮೊದಲ ಭೇಟಿಯಲ್ಲಿ ನಾನು ಯಾವ ಮೊತ್ತವನ್ನೂ ಹೇಳಲಿಲ್ಲ. ಎರಡು ಕೆಲಸ ಕೊಟ್ಟೆ. ಒಂದು, ರತ್ನಕ್ಕ ನಿಜವಾಗಿ ಎಷ್ಟು ಹೊತ್ತು ಇರುತ್ತಾರೆ ಅಂತ ಬರೆದುಕೊಂಡು ಬನ್ನಿ. ಎರಡು, ಏನೇನು ಮಾಡುತ್ತಾರೆ ಅಂತ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿ.

ಗಂಟೆಯ ಲೆಕ್ಕ ಸುಲಭವಾಗಿ ಸಿಕ್ಕಿತು. ಅವರ ಅಪಾರ್ಟ್‌ಮೆಂಟ್‌ನ ಗೇಟ್ ಆ್ಯಪ್‌ನಲ್ಲಿ ಕೆಲಸದವರು ಒಳಗೆ ಬಂದಿದ್ದು, ಹೊರಗೆ ಹೋಗಿದ್ದು ಎಲ್ಲ ದಾಖಲಾಗುತ್ತೆ. ಅಲ್ಲಿಯವರೆಗೆ ಅದನ್ನು ನೋಡುತ್ತಿದ್ದಿದ್ದು ಅಕ್ಕ ತಡವಾಗಿ ಬಂದರಾ ಅಂತ ತಿಳಿಯೋದಕ್ಕೆ. ಈಗ ಹೊರಗೆ ಹೋದ ಸಮಯ ನೋಡಿದರು. 7.20, 7.45, 7.15, ಒಂದು ದಿನ 8.10. ಸ್ಮಿತಾ ಆಫೀಸ್ ಬೆಳ್ಳಂದೂರಿನ ಕಡೆ. ಆರಕ್ಕೆ ಮನೆಗೆ ಬರ್ತೀನಿ ಅಂತ ಮಾತು ಕೊಟ್ಟಾಗ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆಳಿಗ್ಗೆಯೂ ಅಷ್ಟೇ. ಒಂಬತ್ತು ಅನ್ನೋದು ಯಾವಾಗ ಎಂಟೂವರೆ ಆಯಿತೋ ಇಬ್ಬರಿಗೂ ನೆನಪಿಲ್ಲ.

ಕಾಗದದ ಮೇಲೆ ಕೂಡಿಸಿದೆವು. ಒಪ್ಪಿದ್ದು ದಿನಕ್ಕೆ 9 ಗಂಟೆ, 26 ದಿನ, ಒಟ್ಟು 234 ಗಂಟೆ. 16,000ವನ್ನು ಭಾಗಿಸಿದರೆ ಗಂಟೆಗೆ ಸುಮಾರು 68 ರೂಪಾಯಿ. ನಡೆಯುತ್ತಿರುವುದು 11 ಗಂಟೆ, ಅಂದರೆ ತಿಂಗಳಿಗೆ 286. ಈಗ ಗಂಟೆಗೆ ಸಿಗುತ್ತಿರುವುದು 56. ಯಾರೂ ಸಂಬಳ ಕಡಿತ ಮಾಡಿಲ್ಲ, ಆದರೂ ವರ್ಷದಲ್ಲಿ 12 ರೂಪಾಯಿ ಕಡಿಮೆಯಾಗಿದೆ. ಹಳೆಯ ದರದಲ್ಲೇ 286 ಗಂಟೆಗೆ ಕೊಟ್ಟರೂ 19,500 ದಾಟುತ್ತೆ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಅನ್ನೋದು ನಮ್ಮ ಕನಿಷ್ಠ ವೇತನ ಕಾನೂನಿನಲ್ಲಿ ಹಿಂದಿನಿಂದ ಇರುವ ಮಾತು. ಆ 52 ಗಂಟೆಗೆ ಹಾಗೆ ಕೊಟ್ಟರೆ 23,000ದ ಮೇಲೆ ಹೋಗುತ್ತೆ.

ರತ್ನಕ್ಕ ಕೇಳಿದ್ದು 22,000.

ಪ್ರಶಾಂತ್ ಲೆಕ್ಕವನ್ನು ಮೊಬೈಲ್‌ನಲ್ಲಿ ಇನ್ನೊಂದು ಸಲ ಮಾಡಿ ನೋಡಿದರು. "ಆದರೆ ಮಧ್ಯಾಹ್ನ ಪಾಪು ಎರಡು ಗಂಟೆ ಮಲಗುತ್ತೆ ಮೇಡಂ. ಅಕ್ಕನೂ ಟಿವಿ ನೋಡ್ತಾರೆ." ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಆ ಎರಡು ಗಂಟೆ ಅವರು ಬಾಗಿಲು ಎಳೆದುಕೊಂಡು ಹೊರಗೆ ಹೋಗಿ ಬರಬಹುದಾ? ಬ್ಯಾಂಕ್ ಕೆಲಸ ಮುಗಿಸಿಕೊಂಡು ಬರಬಹುದಾ? ಆಗಲ್ಲ ಅಂದರೆ ಅದು ಡ್ಯೂಟಿಯೇ. ರಾತ್ರಿ ಪಾಳಿಯ ವಾಚ್‌ಮನ್ ಕೂತಿರುತ್ತಾರೆ ಅಂತ ಯಾರೂ ಅವರ ಸಂಬಳ ಹಿಡಿಯಲ್ಲ.

ಪಟ್ಟಿಗಳ ವಿಷಯಕ್ಕೆ ಬರೋಣ. ಪ್ರಶಾಂತ್ ಹಾಳೆಯಲ್ಲಿ ಮೂರು ಸಾಲು: ಊಟ ಮಾಡಿಸೋದು, ಆಟ ಆಡಿಸೋದು, ಮಲಗಿಸೋದು. ಸ್ಮಿತಾ ಹಾಳೆ ಎರಡೂ ಬದಿ ತುಂಬಿತ್ತು. ಮಗುವಿನ ಬಟ್ಟೆ ಒಗೆಯೋದು, ರಾಗಿ ಸರಿ ಮಾಡೋದು, ಪಾತ್ರೆ ತೊಳೆಯೋಕೆ ಬರುವವರು ಚಕ್ಕರ್ ಹೊಡೆದಾಗ ಪಾತ್ರೆ, ಅತ್ತೆಗೆ ಮಧ್ಯಾಹ್ನದ ಕಾಫಿ, ಅತ್ತೆಯ ಮೊಣಕಾಲಿಗೆ ಎಣ್ಣೆ, ಕೊರಿಯರ್ ತಗೊಳ್ಳೋದು, ತೊಗರಿಕಾಯಿ ಕಾಲದಲ್ಲಿ ಕಾಳು ಬಿಡಿಸೋದು. ಮಗು ನೋಡೋಕೆ ಅಂತ ಬಂದವರ ಕೆಲಸ ಹೀಗೆ ಬೆಳೆಯೋದು ಸಾಮಾನ್ಯ. ಕೇಳಿದರೆ "ಮನೆಯವರ ಥರ ಇದ್ದಾರೆ, ಹೇಳದೇನೇ ಮಾಡ್ತಾರೆ" ಅನ್ನುತ್ತಾರೆ.

ಹಾಗಂದಾಗ ನಾನು ಕೇಳುವ ಪ್ರಶ್ನೆ ಒಂದಿದೆ. ಅವರು ಕಾಫಿ ಯಾವ ಲೋಟದಲ್ಲಿ ಕುಡೀತಾರೆ?

ಇಬ್ಬರೂ ಮುಖ ಮುಖ ನೋಡಿಕೊಂಡರು. ಅತ್ತೆ ಬಂದ ಮೇಲೆ ಬೇರೆ ಸ್ಟೀಲ್ ಲೋಟ, ಬೇರೆ ತಟ್ಟೆ. ಯುಟಿಲಿಟಿಯ ಕಿಟಕಿ ಮೇಲೆ ಇಟ್ಟಿರುತ್ತೆ. ರತ್ನಕ್ಕನೇ ತೊಳೆದು ಅಲ್ಲೇ ಇಡುತ್ತಾರೆ. "ಅಮ್ಮನಿಗೆ ಬೇಜಾರಾಗುತ್ತೆ ಅಂತ..." ಅಂದರು ಪ್ರಶಾಂತ್. ಮಾತು ಪೂರ್ತಿ ಮಾಡಲಿಲ್ಲ. ಮಗು ಆ ಕೈಯಿಂದಲೇ ದಿನಕ್ಕೆ ಮೂರು ಹೊತ್ತು ತಿನ್ನುತ್ತೆ.

ಲೋಟದ ವಿಷಯ ಸಂಬಳಕ್ಕೆ ಸಂಬಂಧಿಸಿದ್ದಲ್ಲ ಅನ್ನಿಸಬಹುದು. ಆದರೆ "ಮನೆಯವರ ಥರ" ಅನ್ನೋದು ದುಡಿಮೆಯ ಹೊತ್ತಿಗೆ ಮಾತ್ರ ಅನ್ವಯಿಸಿ, ಲೋಟಕ್ಕೂ ಸಂಬಳಕ್ಕೂ ಅನ್ವಯಿಸದಿದ್ದರೆ ಅದು ಬರೀ ಬಾಯುಪಚಾರ. ಅದನ್ನು ನೇರವಾಗಿಯೇ ಹೇಳಿದೆ. ತಾಯಿಯ ಜೊತೆ ಮಾತಾಡಬೇಕಾದವರು ಪ್ರಶಾಂತ್, ಸ್ಮಿತಾ ಅಲ್ಲ ಅಂತಲೂ ಹೇಳಿದೆ. ಸೊಸೆ ಬಾಯಲ್ಲಿ ಆ ಮಾತು ಬಂದರೆ ಅದು ಬೇರೆಯೇ ಜಗಳ ಆಗುತ್ತೆ.

ಕಾನೂನಿನ ಬಗ್ಗೆ ಪ್ರಶಾಂತ್ ಕೇಳಿದರು. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡುವಲ್ಲಿ ಕರ್ನಾಟಕ ಮುಂದೆ ಇದ್ದ ರಾಜ್ಯ. 2004ರಲ್ಲೇ ಅಧಿಸೂಚನೆ ಬಂತು. ತುಟ್ಟಿಭತ್ಯೆ ಸೇರಿ ದರ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತೆ, ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನೋಡಬಹುದು. ಅದು ಕೆಳಗಿನ ಗೆರೆ. ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಅನ್ನೋದಕ್ಕೆ ಅದು ಬೇಕು. ಅಷ್ಟು ಕೊಟ್ಟರೆ ನ್ಯಾಯ ಮುಗೀತು ಅನ್ನೋದಕ್ಕಲ್ಲ. ಒಂದೂವರೆ ವರ್ಷದ ಮಗುವನ್ನು ಹನ್ನೊಂದು ಗಂಟೆ ಒಬ್ಬರೇ ನೋಡಿಕೊಳ್ಳೋದು ನುರಿತ ಕೆಲಸ. ಜ್ವರ ಬಂದಾಗ ಗುರುತಿಸಬೇಕು, ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಗೊತ್ತಿರಬೇಕು.

ಇಷ್ಟಾದ ಮೇಲೆ ನನ್ನ ಸಲಹೆ ಹೇಳಿದೆ. ಮೊದಲನೆಯದು ಹಣ ಎಲ್ಲಿಂದ ಹೋಗುತ್ತೆ ಅನ್ನೋದು. ರತ್ನಕ್ಕನ ಸಂಬಳ ಇಬ್ಬರ ಜಂಟಿ ಖಾತೆಯಿಂದ ಹೋಗಲಿ, ಇಎಂಐ ಕೂಡ ಅಲ್ಲಿಂದಲೇ. ಅದರಿಂದ ಬ್ಯಾಂಕಿನಲ್ಲಿ ಏನೂ ಬದಲಾಗಲ್ಲ. ಊಟದ ಹೊತ್ತಿನ ಮಾತು ಬದಲಾಗುತ್ತೆ.

ಆಮೇಲೆ ಗಂಟೆ. 22,000 ಆಗಲ್ಲ ಅನ್ನೋ ಸ್ಥಿತಿ ನಿಜವಾಗಿಯೂ ಇದ್ದರೆ ಗಂಟೆ ಕಡಿಮೆ ಮಾಡಿ, ದರ ಕಡಿಮೆ ಮಾಡಬೇಡಿ. ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪ್ರಶಾಂತ್‌ಗೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಇದೆ. ಆ ದಿನ ಆರಕ್ಕೆ ಮಗುವನ್ನು ಕೈಗೆ ತಗೊಳ್ಳಲಿ. ಕಾಲ್ ಇದೆ ಅಂದರು. ಸ್ಮಿತಾಗೂ ಇರುತ್ತೆ ಅಂದೆ.

ತಡವಾದ ಹೊತ್ತಿಗೆ ಬೇರೆ ದರ ಇಟ್ಟುಕೊಳ್ಳಿ, ಆಟೋ ಖರ್ಚು ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರತ್ನಕ್ಕನಿಗೆ ಬಸ್ ಉಚಿತ ನಿಜ. ಆದರೆ ಎಂಟರ ಮೇಲೆ ಅವರ ಕಡೆ ಬಸ್ ಕಾಯುತ್ತಾ ನಿಲ್ಲೋದು ಕಷ್ಟ. ಈಗಿನ ಮೀಟರ್‌ನಲ್ಲಿ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಆರು ಕಿಲೋಮೀಟರ್‌ಗೆ 108, ಅದೂ ಮೀಟರ್ ಹಾಕಿದರೆ! ಟ್ರಾಫಿಕ್ ನಿಮ್ಮದು, ಆಟೋ ದುಡ್ಡು ಅವರದು ಆಗಬಾರದು.

ರಜೆ, ಕಾಯಿಲೆ ಬಿದ್ದ ದಿನ, ಹಬ್ಬಕ್ಕೆ ಊರಿಗೆ ಹೋಗೋದು, ಎಲ್ಲ ಮೊದಲೇ ಮಾತಾಗಲಿ. ನೀವು ಹದಿನೈದು ದಿನ ಪ್ರವಾಸ ಹೋದರೆ ಆ ಸಂಬಳ ಹಿಡಿಯೋ ಹಾಗಿಲ್ಲ, ರಜೆ ಹಾಕಿದ್ದು ನೀವು. ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್ ಕೊಡಿ. ಹಳೆ ಸೀರೆ, ಉಳಿದ ಸಾರು ಪ್ರೀತಿಯಿಂದ ಕೊಡೋದಾದರೆ ಕೊಡಿ, ಸಂಬಳದ ಲೆಕ್ಕದಲ್ಲಿ ಹೇಳಬೇಡಿ. ವರ್ಷಕ್ಕೊಮ್ಮೆ ಗೊತ್ತಾದ ತಿಂಗಳಲ್ಲಿ ಸಂಬಳ ಏರಿಸಿ. ಆಗ ಯಾರೂ ಚಪ್ಪಲಿ ಹಾಕಿಕೊಳ್ಳುತ್ತಾ ಹೆದರಿಕೊಂಡು ಕೇಳಬೇಕಾಗಿಲ್ಲ. ಎದುರು ಬ್ಲಾಕ್ ಅನ್ನೋದು ಬೆದರಿಕೆ ಅಂತ ಪ್ರಶಾಂತ್‌ಗೆ ಅನ್ನಿಸಿತ್ತು. ಅವರೇ ಎರಡು ಸಲ ಕಂಪನಿ ಬದಲಿಸಿದ್ದಾರೆ, ಎರಡೂ ಸಲ ಬೇರೆ ಆಫರ್ ತೋರಿಸಿಯೇ ಚೌಕಾಸಿ ಮಾಡಿದ್ದಾರೆ. ಅದನ್ನು ನೆನಪಿಸಿದ್ದು ಸ್ಮಿತಾ. ನಾನಲ್ಲ.

ಕೊನೆಗೆ ರತ್ನಕ್ಕನ ಜೊತೆ ಕೂತು ಮಾತಾಡಿ ಅಂದೆ. ಬಾಗಿಲಲ್ಲಿ ನಿಂತುಕೊಂಡಲ್ಲ, ಊಟದ ಟೇಬಲ್ ಹತ್ತಿರ, ಅವರೂ ಕುರ್ಚಿಯಲ್ಲಿ. ಅವರಿಗೆ ಏನು ಬೇಕು ಅಂತ ಇಷ್ಟೂ ದಿನ ಯಾರೂ ಕೇಳಿರಲಿಲ್ಲ.

ಕೇಳಿದಾಗ ಇಬ್ಬರೂ ಎಣಿಸದ ಉತ್ತರ ಬಂತು. ದುಡ್ಡಿನ ಜೊತೆ ಅವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಬೇಕಿತ್ತು. ಸ್ತ್ರೀಶಕ್ತಿ ಸಂಘದ ಸಭೆ ತಪ್ಪಿಸಿ ತಪ್ಪಿಸಿ ಸಾಲ ಸಿಗದ ಸ್ಥಿತಿ ಬಂದಿತ್ತು. ಪ್ರಶಾಂತ್ ದಂಪತಿ ಶನಿವಾರ ಮನೆಯಲ್ಲೇ ಇರುತ್ತಾರೆ. ಹಾಗಾಗಿ ಅದು ಅವರಿಗೆ ಸುಲಭ. ಬೆಳಿಗ್ಗೆ 8.30ರಿಂದ ಸಂಜೆ 6.30, ತಿಂಗಳಿಗೆ 24 ದಿನ, 20,000 ಅಂತ ಒಪ್ಪಂದವಾಯಿತು. ಗಂಟೆಗೆ 83 ರೂಪಾಯಿ ಬಿತ್ತು. ಆರೂವರೆ ದಾಟಿದರೆ ಗಂಟೆಗೆ 150, ಏಳೂವರೆ ಮೀರಿದರೆ ಆಟೋ ಖರ್ಚು. ಒಂದು ಹಾಳೆಯಲ್ಲಿ ಬರೆದು ಮೂವರೂ ಒಂದೊಂದು ಪ್ರತಿ ಇಟ್ಟುಕೊಂಡರು. ಎಣ್ಣೆ ತಿಕ್ಕೋದು, ಪಾತ್ರೆ ತೊಳೆಯೋದು ಆ ಹಾಳೆಯಲ್ಲಿ ಇಲ್ಲ.

ವಾಟ್ಸಾಪ್ ಗ್ರೂಪಿಗೆ ಏನು ಹೇಳೋದು ಅಂತ ಕೇಳಿದರು. ಏನೂ ಹೇಳಬೇಡಿ ಅಂದೆ. ನಿಮ್ಮ ಮನೆ ಲೆಕ್ಕಕ್ಕೆ ನೂರ ಇಪ್ಪತ್ತು ಮನೆಯವರ ಅನುಮತಿ ಬೇಕಿಲ್ಲ.

ಮುಂದಿನ ತಿಂಗಳು ಮತ್ತೆ ಬಂದಿದ್ದರು. ಸ್ಮಿತಾ ಕೆಲಸ ಬಿಡುವ ಮಾತು ಸದ್ಯಕ್ಕಿಲ್ಲ. ಲೋಟಗಳ ಬಗ್ಗೆ ಪ್ರಶಾಂತ್ ಅಮ್ಮನ ಹತ್ತಿರ ಮಾತಾಡಿದ್ದಾರೆ. ಅಮ್ಮ ನಾಲ್ಕು ದಿನ ಮುನಿಸಿಕೊಂಡಿದ್ದರಂತೆ, ಇನ್ನೂ ಪೂರ್ತಿ ಇಳಿದಿಲ್ಲ. ತಡವಾದ ಗಂಟೆಗೆ ಕೊಟ್ಟ ದುಡ್ಡು ಮೊದಲ ತಿಂಗಳು 1,200 ಆಗಿದೆ. ಅದನ್ನು ನೋಡಿ ಪ್ರಶಾಂತ್ ಸಂಜೆಯ ಒಂದು ಕಾಲ್ ಬೆಳಿಗ್ಗೆಗೆ ಬದಲಿಸಿಕೊಂಡಿದ್ದಾರೆ.

ಮಗಳು ಪ್ಲೇಹೋಮ್‌ಗೆ ಸೇರಿದಾಗ ರತ್ನಕ್ಕನ ಕೆಲಸ ಅರ್ಧ ದಿನಕ್ಕೆ ಇಳಿಯುತ್ತೆ. ಅದನ್ನು ಮೂರು ತಿಂಗಳ ಮುಂಚೆಯೇ ಅವರಿಗೆ ತಿಳಿಸಿ, ಆ ಹಾಳೆಯಲ್ಲೇ ಒಂದು ಸಾಲು ಸೇರಿಸಿಬಿಡಿ ಅಂತ ಹೇಳಿ ಕಳಿಸಿದ್ದೇನೆ.