ಪ್ರತಿ: ಹುಲಿ ಸಾಯುತ್ತಲೇ ಇದ್ದರೂ ಲೆಕ್ಕ ಇಳಿಯದೇಕೆ?

ಕೊಡಗಿನಲ್ಲಿ ನಾಗರಹೊಳೆ ಕಾಡಿನ ಹತ್ತಿರದ ಊರಾದ ಬಾಳೆಲೆ ಕಡೆಯವರೆಂದು ಬರೆದಿದ್ದೀರಿ. ನಾಗರಹೊಳೆಯಲ್ಲಿ ಹುಲಿ ಸತ್ತ ಸುದ್ದಿ ಆಗಾಗ ಬರುತ್ತದೆ, ಆದರೂ ಸಂಖ್ಯೆ ಇಳಿದಿಲ್ಲ ಅನ್ನುತ್ತಾರೆ, ಲೆಕ್ಕವೇ ಸುಳ್ಳಾ ಎಂದು ಕೇಳಿದ್ದೀರಿ.

ಸುಳ್ಳಾಗಬೇಕಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ತಂಡ 1991ರಿಂದ 2000ರವರೆಗೆ ಇದೇ ಕಾಡಿನಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿತ್ತು. ವರ್ಷಕ್ಕೆ ಸುಮಾರು ಶೇ. 23ರಷ್ಟು ಹುಲಿಗಳು ಸತ್ತೋ, ಬೇರೆ ಕಡೆ ಹೋಗಿಯೋ ಕಾಣೆಯಾಗುತ್ತಿದ್ದವು. ಆದರೂ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಖಾಲಿಯಾದ ಜಾಗಕ್ಕೆ ಎಳೆಯ ಹುಲಿಗಳು ಬರುತ್ತಲೇ ಇದ್ದವು. ಕಡವೆ, ಜಿಂಕೆ, ಕಾಟಿ (ಕಾಡುಕೋಣ) ಧಾರಾಳವಾಗಿದ್ದರೆ ಮರಿಗಳು ಬದುಕಿಕೊಳ್ಳುತ್ತವೆ. ಒಂದು ಹುಲಿಗೆ ವರ್ಷಕ್ಕೆ ಐವತ್ತರಷ್ಟು ದೊಡ್ಡ ಬೇಟೆ ಬೇಕು. ಅಷ್ಟು ಸಿಗಬೇಕಾದರೆ ಕಾಡಿನಲ್ಲಿ ಹುಲಿಯೊಂದಕ್ಕೆ ಸುಮಾರು ಐನೂರು ಅಂಥ ಪ್ರಾಣಿ ಇರಬೇಕು. ನನ್ನ ಕೇಳಿದರೆ ಹುಲಿ ಎಣಿಸುವುದಕ್ಕಿಂತ ಜಿಂಕೆ ಎಣಿಸುವುದೇ ಮುಖ್ಯ!

ತೋಟಕ್ಕೆ ಬರುವುದು ಹೆಚ್ಚಾಗಿ ಎರಡು ವರ್ಷದ ಹೊತ್ತಿಗೆ ತಾಯಿಯಿಂದ ಬೇರೆಯಾದ ಪ್ರಾಯದ ಹುಲಿ, ಇಲ್ಲವೇ ಕಾದಾಟದಲ್ಲಿ ಜಾಗ ಕಳೆದುಕೊಂಡ ಮುದಿ ಹುಲಿ. ಕಾಫಿ ಗಿಡದ ಮರೆ, ತೋಡಿನ ನೀರು, ಗದ್ದೆಯಲ್ಲಿ ಕಟ್ಟಿದ ದನ, ಇನ್ನೇನು ಬೇಕು ಅದಕ್ಕೆ.

ಹಸು ಹೋದರೆ ಕಳೇಬರ ಎತ್ತಬೇಡಿ, ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ನಮ್ಮ ಪಕ್ಕದ ತೋಟದವರು ಅವಸರದಲ್ಲಿ ಹೂತುಬಿಟ್ಟು, ಆಮೇಲೆ ಪರಿಹಾರಕ್ಕೆ ಪೇಚಾಡಿದರು. ಸಿಟ್ಟಿನಲ್ಲಿ ವಿಷ ಮಾತ್ರ ಹಾಕಬೇಡಿ. ಆ ವಿಷವನ್ನು ತಾಯಿ ಹುಲಿ ತಿಂದು ಸತ್ತರೆ ಹಿಂದಿನಿಂದ ಮರಿಗಳೂ ಹೋದವು, ಆಗ ಜಾಗ ತುಂಬಲು ಬರುವವರು ಯಾರು?