ವಿದ್ಯುತ್ ಕಾರು ಕೊಳ್ಳುವ ಮುನ್ನ ಮನೆಯ ಅರ್ತಿಂಗ್ ನೋಡಿಸಿ

ಪ್ರಶ್ನೆ: ನಾನು ಪೆರ್ಲದವನು. ಕಾಸರಗೋಡಿನ ಕಚೇರಿಗೆ ಹೋಗಿ ಬರಲು ದಿನಕ್ಕೆ ಸುಮಾರು 60 ಕಿಲೋಮೀಟರ್ ಆಗುತ್ತದೆ. ಹಳೆಯ ಪೆಟ್ರೋಲ್ ಕಾರನ್ನು ಮಾರಿ, 24 ಯೂನಿಟ್ (ಕಿಲೋವ್ಯಾಟ್ ಅವರ್) ಬ್ಯಾಟರಿಯ ಸಣ್ಣ ವಿದ್ಯುತ್ ಕಾರು ಕೊಳ್ಳಬೇಕೆಂದಿದ್ದೇನೆ. ತಿಂಗಳಿಗೆರಡು ಸಲ ತಾಯಿಯವರನ್ನು ಚಿಕಿತ್ಸೆಗೆ ಮಂಗಳೂರಿಗೆ ಕರೆದೊಯ್ಯಬೇಕು. ವರ್ಷಕ್ಕೊಮ್ಮೆ ಮಡಿಕೇರಿಯ ನೆಂಟರ ಮನೆಗೂ ಹೋಗುವುದಿದೆ. ಷೋರೂಮಿನವರು ಹೇಳುವ 300 ಕಿಲೋಮೀಟರ್ ನಿಜವಾಗಿ ಸಿಗುತ್ತದೆಯೇ? ಖರ್ಚು ಕಡಿಮೆಯಾಗುತ್ತದೆಯೇ?

ಉತ್ತರ: ಆ 300 ಪ್ರಯೋಗಾಲಯದ ಲೆಕ್ಕ. ಎ.ಸಿ. ಹಾಕಿಕೊಂಡು ನಮ್ಮ ಏರುತಗ್ಗಿನ ರಸ್ತೆಯಲ್ಲಿ ಓಡಿಸುವಾಗ ಯೂನಿಟಿಗೆ 7 ಕಿಲೋಮೀಟರ್ ಎಂದು ಹಿಡಿಯುವುದು ಕ್ಷೇಮ. ಅಂದರೆ ಪೂರ್ತಿ ಚಾರ್ಜಿನಲ್ಲಿ ಸುಮಾರು 170. ದಿನನಿತ್ಯದ 60 ಕಿಲೋಮೀಟರಿಗೆ ಇದು ಧಾರಾಳವಾಯಿತು. ಮಂಗಳೂರಿಗೆ ಹೋಗಿ ಬರುವ ಸುಮಾರು 120 ಕಿಲೋಮೀಟರಿಗೂ ಸಾಕು, ಆದರೆ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿರಬೇಕು. ತಾಯಿಯವರ ಆರೋಗ್ಯದ ದೃಷ್ಟಿಯಿಂದ ಒಂದು ಮಾತು: ಅರ್ಧರಾತ್ರಿಯಲ್ಲಿ ಮಂಗಳೂರಿಗೆ ಹೊರಡಬೇಕಾದರೆ ಒಂದು ದಾರಿಗಾದರೂ ಚಾರ್ಜು ಇರಲೇಬೇಕಾದ್ದರಿಂದ, ದಿನನಿತ್ಯದ ಓಟದಲ್ಲಿ ಬ್ಯಾಟರಿ ಎಂದೂ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.

ಮಡಿಕೇರಿಯ ದಾರಿ ಬೇರೆ. ಆ ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,500 ಕಿಲೋ ಆಗುವ ಕಾರನ್ನು ಅಷ್ಟೆತ್ತರಕ್ಕೆ ಏರಿಸಲು, ದೂರದ ಖರ್ಚಿನ ಮೇಲೆ, ಸುಮಾರು 5 ಯೂನಿಟ್ ಹೆಚ್ಚು ಬೇಕು. ಇಳಿಯುವಾಗ ಮೋಟಾರೇ ಬ್ರೇಕಿನ ಕೆಲಸ ಮಾಡಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಆದರೂ ನೆಂಟರ ಮನೆಯಲ್ಲಿ ಒಂದು ರಾತ್ರಿ ಚಾರ್ಜ್ ಮಾಡಲು ಅನುಕೂಲವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಈಗ ಖರ್ಚು. ತಿಂಗಳಿಗೆ 1,500 ಕಿಲೋಮೀಟರಿಗೆ, ಲೀಟರಿಗೆ 16 ಕಿಲೋಮೀಟರ್ ಕೊಡುವ ಕಾರಿಗೆ ಸುಮಾರು 94 ಲೀಟರ್ ಪೆಟ್ರೋಲ್ ಬೇಕು; ಲೀಟರಿಗೆ 105 ರೂಪಾಯಿಯಂತೆ 9,870 ರೂಪಾಯಿ. ವಿದ್ಯುತ್ ಕಾರಿಗೆ, ಚಾರ್ಜಾಗುವಾಗಿನ ನಷ್ಟವೂ ಸೇರಿ, ಸುಮಾರು 240 ಯೂನಿಟ್. ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಕೇರಳದಲ್ಲಿ ಮನೆಬಳಕೆಯ ದರ ತಿಂಗಳಿಗೆ 250 ಯೂನಿಟ್‌ವರೆಗೆ ಹಂತಹಂತವಾಗಿ ಏರುತ್ತದೆ. ಅದನ್ನು ದಾಟಿದರೆ ಮೊದಲ ಯೂನಿಟಿನಿಂದಲೇ ಎಲ್ಲಕ್ಕೂ ಮೇಲಿನ ದರ ಬೀಳುತ್ತದೆ. ನಿಮ್ಮ ಮನೆಯಲ್ಲಿ ಈಗ 150 ಯೂನಿಟ್ ಖರ್ಚಾಗುತ್ತಿದ್ದರೆ ಕಾರು ಬಂದ ಮೇಲೆ ಅದು 390 ಆಗಿ, ಫ್ರಿಜ್ಜು, ಫ್ಯಾನುಗಳ ಹಳೆಯ ಯೂನಿಟುಗಳೂ ದುಬಾರಿಯಾಗುತ್ತವೆ. ಆದರೂ ಹೆದರಬೇಕಾಗಿಲ್ಲ. ಮನೆ, ಕಾರು ಎರಡೂ ಸೇರಿದ 390 ಯೂನಿಟಿಗೂ 8 ರೂಪಾಯಿಯಂತೆ ಹಿಡಿದರೂ 3,120 ರೂಪಾಯಿ, ಅಂದರೆ ಬರಿಯ ಪೆಟ್ರೋಲಿನ ಖರ್ಚಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಛಾವಣಿಯ ಮೇಲೆ 3 ಕಿಲೋವ್ಯಾಟ್ ಸೌರಫಲಕ ಹಾಕಿಸಿದರೆ ದಿನಕ್ಕೆ ಸರಾಸರಿ 12 ಯೂನಿಟಿನಷ್ಟು ಸಿಗುತ್ತದೆ; 2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಹಾಯಧನವಿದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮೋಡದಲ್ಲಿ ಉತ್ಪಾದನೆ ಇಳಿಯುತ್ತದೆಂಬುದು ನೆನಪಿರಲಿ.

ನನಗೆ ನಿಜವಾಗಿ ಚಿಂತೆಯಿರುವುದು ನಿಮ್ಮ ಮನೆಯ ವಯರಿಂಗಿನ ಬಗ್ಗೆ. 15 ಆಂಪಿಯರಿನ ಪ್ಲಗ್ಗಿನಲ್ಲಿ ಕಾರು ಸುಮಾರು 3 ಕಿಲೋವ್ಯಾಟ್ ವಿದ್ಯುತ್ತನ್ನು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ನಿಮಿಷಗಳಲ್ಲಿ ಮುಗಿಯುವ ಇಸ್ತ್ರಿಪೆಟ್ಟಿಗೆಯ ಕೆಲಸದಂತಲ್ಲ ಅದು. ಹಳೆಯ ಸ್ವಿಚ್‌ಬೋರ್ಡಿನ ಸಡಿಲ ಸಾಕೆಟ್ ಬಿಸಿಯಾಗಿ ಕರಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಮೀಟರ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರಿನ ತಾಮ್ರದ ವಯರು ಎಳೆಸಿ, ಕಾರಿಗೆಂದೇ ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿಯೇ ವಿದ್ಯುತ್ ಕಡಿಯುವ ಸ್ವಿಚ್) ಹಾಕಿಸಿ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಬೇಸಿಗೆ ಬಂತೆಂದರೆ ನೆಲ ಒಣಗಿ ಅರ್ತಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಹರಿಸುವ ವ್ಯವಸ್ಥೆ, ದುರ್ಬಲವಾಗುತ್ತದೆ. ಎಷ್ಟೋ ಕಾರುಗಳು ಇದನ್ನು ಗುರುತಿಸಿ ಚಾರ್ಜಾಗಲು ನಿರಾಕರಿಸುತ್ತವೆ, ಮಾಲೀಕರು ಕಾರನ್ನೇ ದೂರುತ್ತಾರೆ. ಅರ್ತಿಂಗ್ ಗುಂಡಿಯನ್ನು ಬಚ್ಚಲ ನೀರು ಹರಿಯುವಂಥ ತೇವದ ಜಾಗದಲ್ಲಿ ಮಾಡಿಸಿ. ತುಲಾ ಮಾಸದ (ಅಕ್ಟೋಬರ್–ನವೆಂಬರ್) ಸಿಡಿಲಿಗಾಗಿ, ವೋಲ್ಟೇಜ್ ಹಠಾತ್ತನೆ ಏರಿದರೆ ತಡೆಯುವ ಸರ್ಜ್ ರಕ್ಷಕವೂ ಇರಲಿ. ಅಡಿಕೆ ತೋಟಗಳ ಪಂಪುಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿಯುವುದಾದರೆ, ರಾತ್ರಿ 10ರ ಮೇಲೆ ಚಾರ್ಜ್ ಮಾಡಿ. ಒಂದು ದಿನದ ಓಟಕ್ಕೆ ಮೂರೂವರೆ ಗಂಟೆ ಸಾಕು.

ಇಷ್ಟನ್ನು ಮಾಡಿಸುವುದಾದರೆ ಕಾರನ್ನು ಧೈರ್ಯವಾಗಿ ಕೊಳ್ಳಿ. ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಲಿಖಿತವಾಗಿ ಇದೆಯೇ ಎಂದು ಓದಿ ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ನಿಂತಾಗ ವಿದ್ಯುತ್ ಕಾರಿನಿಂದ ಶಾಕ್ ಹೊಡೆಯುವ ಅಪಾಯವಿದೆಯೇ? (ಓದುಗರು, ಉಪ್ಪಳ)

ಉತ್ತರ: ಅಂಥ ಭಯ ಬೇಡ. ಐಪಿ 67 ದರ್ಜೆಯ (ಧೂಳು, ನೀರು ಒಳಹೋಗದಂತೆ ಮುಚ್ಚಿದ) ಬ್ಯಾಟರಿ ಪೆಟ್ಟಿಗೆಯನ್ನು ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟು ಪರೀಕ್ಷಿಸಿರುತ್ತಾರೆ. ವಿದ್ಯುತ್ ಸೋರಿಕೆ ಕಂಡರೆ ಕಾರು ತಾನಾಗಿಯೇ ಬ್ಯಾಟರಿಯ ಸಂಪರ್ಕ ಕಡಿಯುತ್ತದೆ. ಹಾಗೆಂದು ಹರಿಯುವ ನೀರಿಗೆ ಇಳಿಸಬೇಡಿ. ಕಾರು ನೆರೆಯಲ್ಲಿ ಮುಳುಗಿದ್ದರೆ ಸರ್ವಿಸಿನವರು ನೋಡುವ ತನಕ ಚಾರ್ಜಿಗೆ ಹಾಕಲೇಬಾರದು. ಚಾರ್ಜಿಂಗ್ ಸಾಕೆಟ್ಟನ್ನು ಕಂಪೌಂಡಿನ ಗೋಡೆಗೆ ಹಾಕಿಸದೆ, ಎರಚಲು ತಾಗದ ಮಾಡಿನ ಅಡಿಯಲ್ಲಿ, ಸೊಂಟದ ಎತ್ತರಕ್ಕೆ ಹಾಕಿಸಿ.