ದಹನ ಓದಿದ ಮೆಕ್ಯಾನಿಕಲ್ ಇಂಜಿನಿಯರ್‌ಗೆ ಮುಂದೆ ಕೆಲಸವಿದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ನೀವು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೀರಿ, ಉಷ್ಣಗತಿಶಾಸ್ತ್ರ ಮತ್ತು ದಹನದ ಪಾಠಗಳು ಮನಸ್ಸಿಗೆ ಹಿಡಿಸಿವೆ, ಆದರೆ ಎಲ್ಲೆಲ್ಲೂ ಸೌರಶಕ್ತಿ, ಬ್ಯಾಟರಿಗಳ ಮಾತೇ ಇರುವಾಗ ಬೆಂಕಿಯನ್ನು ಓದಿ ಬದುಕು ನಡೆಯುತ್ತದೆಯೇ, ಸಂಶೋಧನೆ ಮಾಡಿದವರು ಆಮೇಲೆ ಇಂಧನ ಸಲಹೆಗಾರರಾಗಿ ಮಾಡುವ ಕೆಲಸವಾದರೂ ಏನು ಎಂದು ಕೇಳಿದ್ದೀರಿ. ನಾನೂ ಇದೇ ಊರಿನಲ್ಲಿ ಓದಿದವನು. ಮುಂದೆ ದಹನದ ವಿಷಯದಲ್ಲಿ ಪಿಎಚ್.ಡಿ. ಮಾಡಿ, ಕೆಲವು ವರ್ಷ ಪ್ರಯೋಗಾಲಯದಲ್ಲಿ ದುಡಿದು, ಈಗ ದಾವಣಗೆರೆ, ಹರಿಹರ, ಚಳ್ಳಕೆರೆ ಕಡೆಯ ಗಿರಣಿ ಮತ್ತು ಕಾರ್ಖಾನೆಗಳಿಗೆ ಇಂಧನದ ಲೆಕ್ಕ ಮಾಡಿಕೊಡುತ್ತೇನೆ. ಹಾಗಾಗಿ ಎರಡು ಕಡೆಯನ್ನೂ ಕಂಡವನಾಗಿ ಉತ್ತರಿಸುತ್ತಿದ್ದೇನೆ.

ಕೆಲಸವಿದೆ. ಆದರೆ ನೀವು ಕಲಿಯುವ ವಿದ್ಯೆ ಯಾವುದೋ ಒಂದು ಇಂಧನದ ಹೆಸರಿಗೆ ಅಂಟಿಕೊಂಡಿರಬಾರದು. ಕಲ್ಲಿದ್ದಲಿನ ಇಂಜಿನಿಯರ್, ಡೀಸೆಲ್‌ನ ಇಂಜಿನಿಯರ್ ಎಂದು ತಮ್ಮನ್ನು ಗುರುತಿಸಿಕೊಂಡವರಿಗೆ ಮುಂದಿನ ವರ್ಷಗಳು ನಿಜಕ್ಕೂ ಕಷ್ಟದವು. ಇಂಧನ, ಗಾಳಿ ಮತ್ತು ಶಾಖ ಇವುಗಳ ನಡುವಿನ ಲೆಕ್ಕವನ್ನು ಅಳೆದು ಹೇಳಬಲ್ಲವರ ಮಾತು ಬೇರೆ. ಅಂಥವರ ಕೊರತೆ ನಮ್ಮ ಜಿಲ್ಲೆಗಳಲ್ಲಿ ಈಗಲೂ ಎದ್ದು ಕಾಣುತ್ತದೆ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಹೆದ್ದಾರಿಯಿಂದಲೇ ನೋಡುವ ನಮ್ಮ ಭಾಗದ ಹುಡುಗರಿಗೆ ನಿಮ್ಮ ಸಂದೇಹ ಬರುವುದು ಸಹಜ. ಆ ಯಂತ್ರಗಳು ಕೊಡುವುದು ವಿದ್ಯುತ್ತು. ಕಾರ್ಖಾನೆಗಳಿಗೆ ಬೇಕಾಗುವುದರಲ್ಲಿ ದೊಡ್ಡ ಪಾಲು ಶಾಖ. ಸಿಮೆಂಟಾಗಿ ಪುಡಿಯಾಗುವ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು ತಯಾರಾಗಲು ಗೂಡಿನೊಳಗಿನ ಸಾಮಗ್ರಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಷ್ಟು ಶಾಖವನ್ನು ಇಂಧನ ಉರಿಸದೆ ದೊಡ್ಡ ಪ್ರಮಾಣದಲ್ಲಿ ಒದಗಿಸುವುದು ಇಂದಿಗೂ ಸುಲಭವಾಗಿಲ್ಲ. ಅದೇ ಹೊತ್ತಿಗೆ, ನೂರು ಡಿಗ್ರಿಯ ಒಳಗಿನ ಬಿಸಿನೀರು, ಒಣಗಿಸುವ ಬಿಸಿಗಾಳಿ ಇಂಥವು ಸೌರಫಲಕಕ್ಕೂ, ವಿದ್ಯುತ್ತಿನಿಂದ ಹೊರಗಿನ ಶಾಖವನ್ನು ಒಳಕ್ಕೆ ಸಾಗಿಸುವ ಹೀಟ್ ಪಂಪಿಗೂ ಬಿಟ್ಟುಕೊಡಬಹುದಾದ ಕೆಲಸಗಳು. ಬೆಂಕಿ ಬೇಡವಾದ ಕಡೆ ಬೇಡವೆಂದು ಹೇಳುವುದೂ ದಹನ ಬಲ್ಲವನ ಹೊಣೆಯೆಂದೇ ನಾನು ನಂಬಿದ್ದೇನೆ.

ಇನ್ನು ಹೊಸ ಇಂಧನಗಳು ಬಂದಷ್ಟೂ ಸಂಶೋಧನೆಯ ಪ್ರಶ್ನೆಗಳು ಹೆಚ್ಚುತ್ತಿವೆ. ಮೀಥೇನ್ ಮತ್ತು ಗಾಳಿಯ ಮಿಶ್ರಣದಲ್ಲಿ ಜ್ವಾಲೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ವೇಗದಲ್ಲಿ ಮುಂದುವರಿಯುತ್ತದೆ. ಜಲಜನಕದಲ್ಲಿ ಅದು 2 ಮೀಟರಿಗೂ ಹೆಚ್ಚು. ಅಮೋನಿಯದಲ್ಲಿ 7 ಸೆಂಟಿಮೀಟರಿನ ಆಸುಪಾಸು. ನೈಸರ್ಗಿಕ ಅನಿಲಕ್ಕೆಂದು ಮಾಡಿದ ಬರ್ನರ್‌ಗೆ ಜಲಜನಕವನ್ನು ಬೆರೆಸುತ್ತ ಹೋದರೆ ಒಂದು ಹಂತದಲ್ಲಿ ಜ್ವಾಲೆ ಹಿಮ್ಮುಖವಾಗಿ ಕೊಳವೆಯೊಳಕ್ಕೇ ನುಗ್ಗುತ್ತದೆ. ಅಮೋನಿಯವನ್ನು ಹೆಚ್ಚು ಬೆರೆಸಿದರೆ ಜ್ವಾಲೆ ನಿಲ್ಲದೆ ಆರಿಹೋಗುತ್ತದೆ. ಇದರ ಜೊತೆಗೆ ಉಷ್ಣತೆ ಏರಿದಂತೆ ಗಾಳಿಯಲ್ಲಿನ ಸಾರಜನಕವೇ ಆಮ್ಲಜನಕದೊಂದಿಗೆ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳು ಹುಟ್ಟುತ್ತವೆ. ಇಂಗಾಲವಿಲ್ಲದ ಇಂಧನವೆಂದ ಮಾತ್ರಕ್ಕೆ ಹೊಗೆ ಶುದ್ಧವಾಗುವುದಿಲ್ಲ ಎಂಬುದನ್ನು ದಹನ ಓದಿದವರಲ್ಲದೆ ಬೇರಾರೂ ಲೆಕ್ಕಹಾಕಿ ತೋರಿಸಲಾರರು.

ಪ್ರಯೋಗಾಲಯದ ದಿನಚರಿ ಹೊರಗಿನಿಂದ ಊಹಿಸಿದಷ್ಟು ರೋಚಕವಲ್ಲ, ಆದರೆ ಅದರಲ್ಲಿ ಸಿಗುವ ಶಿಸ್ತು ಬೇರೆಲ್ಲೂ ಸಿಗುವುದಿಲ್ಲ. ಜ್ವಾಲೆಯೊಳಗೆ ಥರ್ಮೋಕಪಲ್ (ಎರಡು ಲೋಹದ ತಂತಿಗಳ ತುದಿ ಬೆಸೆದ ಉಷ್ಣತಾಮಾಪಕ) ಇಟ್ಟು ಓದಿದ ಉಷ್ಣತೆ ಅನಿಲದ ನಿಜವಾದ ಉಷ್ಣತೆಯಲ್ಲ, ಏಕೆಂದರೆ ಆ ತಂತಿಯ ತುದಿ ತಾನೇ ಶಾಖವನ್ನು ಸುತ್ತಲಿನ ಗೋಡೆಗಳಿಗೆ ಸೂಸುತ್ತ ತಣ್ಣಗಾಗುತ್ತಿರುತ್ತದೆ. ಆ ತಿದ್ದುಪಡಿಯನ್ನು ಮಾಡದೆ ಯಾವ ಸಂಖ್ಯೆಯನ್ನೂ ಬರೆಯಬಾರದೆಂಬ ಪಾಠವನ್ನು ನಾನು ಕಲಿತದ್ದು ಅಲ್ಲಿಯೇ. ಜೊತೆಗೆ ಗಣಕದ ಕೆಲಸವೂ ಇದೆ. ನೈಸರ್ಗಿಕ ಅನಿಲದ ದಹನಕ್ಕೆ ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಜಿ.ಆರ್.ಐ.-ಮೆಕ್ 3.0 ಎಂಬ ರಾಸಾಯನಿಕ ಮಾದರಿಯಲ್ಲಿ 53 ಬಗೆಯ ಅಣುಗಳೂ 325 ಕ್ರಿಯೆಗಳೂ ಇವೆ. ಕ್ಯಾಂಟೆರಾ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೀವು ನಿಮ್ಮ ಹಾಸ್ಟೆಲಿನ ಕೋಣೆಯಲ್ಲೇ ನಡೆಸಿ ನೋಡಬಹುದು. ಮೇಲೆ ಹೇಳಿದ ಮೀಥೇನ್ ಜ್ವಾಲೆಯ ವೇಗವನ್ನು ನೀವೇ ಪಡೆದುಕೊಳ್ಳಬಹುದು.

ಕರ್ನಾಟಕದವರಾಗಿ ನಮಗೆ ಈ ವಿಷಯದಲ್ಲಿ ಒಂದು ಪರಂಪರೆಯೇ ಇದೆ ಎಂಬುದನ್ನು ನೀವು ತಿಳಿದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಆರಂಭಿಸಿದ ಅಸ್ತ್ರ ಕೇಂದ್ರದಿಂದ ಕಡಿಮೆ ಕಟ್ಟಿಗೆಯಲ್ಲಿ ಅಡುಗೆಯಾಗುವ ಅಸ್ತ್ರ ಒಲೆ ಹೊರಬಂದಿತು. ನಮ್ಮ ಕಡೆಯ ಎಷ್ಟೋ ಅಡುಗೆಮನೆಗಳಲ್ಲಿ ಹಿರಿಯರು ಅದನ್ನು ಇಂದಿಗೂ ನೆನೆಯುತ್ತಾರೆ. ಅದೇ ಸಂಸ್ಥೆಯಲ್ಲಿ ಪ್ರೊ. ಎಚ್.ಎಸ್. ಮುಕುಂದ ಮತ್ತು ಅವರ ಸಹೋದ್ಯೋಗಿಗಳು ರಾಕೆಟ್ ಇಂಧನದ ದಹನವನ್ನೂ ಕಟ್ಟಿಗೆಯಿಂದ ಅನಿಲ ತೆಗೆಯುವ ಗ್ಯಾಸಿಫೈಯರನ್ನೂ ಒಂದೇ ಗಾಂಭೀರ್ಯದಿಂದ ಅಭ್ಯಾಸ ಮಾಡಿದರು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆಯ ಅನಿಲದಿಂದ ಎಂಜಿನ್ ನಡೆಸಿ ಊರಿಗೆ ಬೆಳಕು ಕೊಟ್ಟದ್ದು ಇದೇ ಬಗೆಯ ಕೆಲಸದ ಫಲ. ರಾಕೆಟ್ಟಿಗೂ ಒಲೆಗೂ ಹಿಂದಿರುವ ಸಮೀಕರಣಗಳು ಒಂದೇ ಎಂದು ಕಂಡಾಗ ನನಗಾದ ಸಂತೋಷದ ಬಲದಿಂದಲೇ ನಾನು ಈ ದಾರಿಯಲ್ಲಿ ಉಳಿದೆ. ಇಂದು ಐಐಟಿ ಮದ್ರಾಸ್‌ನಲ್ಲಿ ದಹನಕ್ಕೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ; ಬೆಂಗಳೂರಿನಲ್ಲಿ ವಿಮಾನ ಎಂಜಿನ್‌ಗಳ ಪ್ರಯೋಗಾಲಯಗಳಿವೆ. ಇಂಜಿನಿಯರಿಂಗ್ ಪದವೀಧರರಿಗಿರುವ ಗೇಟ್ ಪ್ರವೇಶ ಪರೀಕ್ಷೆಯ ಮೂಲಕ ಇವುಗಳ ಬಾಗಿಲು ತೆರೆಯುತ್ತದೆ. ಹಣದ ಮಾತನ್ನೂ ಹೇಳಿಬಿಡುತ್ತೇನೆ: ಕಿರಿಯ ಸಂಶೋಧಕರ ಫೆಲೋಷಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದೇ ಹೊತ್ತಿಗೆ ಸಾಫ್ಟ್‌ವೇರ್ ಸೇರಿದ ಗೆಳೆಯರು ಮುಂದೆ ಹೋಗಿರುತ್ತಾರೆ, ಮನೆಯವರು ಕೇಳುತ್ತಲೂ ಇರುತ್ತಾರೆ. ಐದಾರು ವರ್ಷ ಅದನ್ನು ತಾಳಿಕೊಳ್ಳಬಲ್ಲಿರಾ ಎಂಬುದನ್ನು ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ.

ಈಗ ಸಲಹೆಗಾರನ ಕೆಲಸಕ್ಕೆ ಬರುತ್ತೇನೆ. ಇದನ್ನು ಒಂದು ಲೆಕ್ಕದಿಂದಲೇ ವಿವರಿಸುವುದು ಸರಿ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತವನ್ನು ಅರೆಯುವ ಅಕ್ಕಿ ಗಿರಣಿಯೊಂದನ್ನು ಊಹಿಸಿಕೊಳ್ಳಿ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು. ಆ ಹೊಟ್ಟನ್ನೇ ಬಾಯ್ಲರಿಗೆ ಹಾಕಿ, ಬಂದ ಹಬೆಯಲ್ಲಿ ಭತ್ತವನ್ನು ಬೇಯಿಸುತ್ತಾರೆ. ಹೊಟ್ಟಿನ ಉಷ್ಣಮೌಲ್ಯ, ಅಂದರೆ ಪೂರ್ತಿ ಉರಿದಾಗ ಕೊಡುವ ಶಾಖ, ಕೆ.ಜಿ.ಗೆ ಸುಮಾರು 3,100 ಕಿಲೋಕ್ಯಾಲೊರಿ. ಒಂದು ಕೆ.ಜಿ. ಹೊಟ್ಟು ಪೂರ್ತಿ ಉರಿಯಲು ಸುಮಾರು 4.6 ಕೆ.ಜಿ. ಗಾಳಿ ಸಾಕು. ಚಿಮಣಿಯ ಅನಿಲದಲ್ಲಿ ಆಮ್ಲಜನಕವನ್ನು ಅಳೆದಾಗ ಶೇಕಡಾ 12 ಬಂತೆನ್ನಿ. ಆ 12ನ್ನು, ಗಾಳಿಯಲ್ಲಿನ ಆಮ್ಲಜನಕದ ಶೇಕಡಾ 21ರಲ್ಲಿ 12 ಕಳೆದು ಉಳಿದ 9ರಿಂದ ಭಾಗಿಸಿದರೆ ಶೇಕಡಾ 133ರಷ್ಟು ಹೆಚ್ಚುವರಿ ಗಾಳಿ ಒಳಗೆ ಹೋಗುತ್ತಿದೆ ಎಂದಾಗುತ್ತದೆ, ಅಂದರೆ 4.6ರ ಬದಲು 10.7 ಕೆ.ಜಿ. ಗಾಳಿ. ಅದೆಲ್ಲವೂ 30 ಡಿಗ್ರಿಯಲ್ಲಿ ಒಳಬಂದು 240 ಡಿಗ್ರಿಯಲ್ಲಿ ಚಿಮಣಿಯಿಂದ ಹೊರಹೋಗುತ್ತಿದ್ದರೆ, ಒಂದು ಕೆ.ಜಿ. ಹೊಟ್ಟಿನ ಶಾಖದಲ್ಲಿ ಹೆಚ್ಚುಕಡಿಮೆ ಶೇಕಡಾ 19 ಒಣ ಅನಿಲದ (ನೀರಾವಿ ಬಿಟ್ಟು ಉಳಿದ ಹೊಗೆಯ) ಜೊತೆಗೇ ಆಕಾಶಕ್ಕೆ ಹೋಯಿತು. ಗಾಳಿಯ ಹರಿವನ್ನು ತಡೆಯುವ ಡ್ಯಾಂಪರ್ ಎಂಬ ತಗಡಿನ ಬಾಗಿಲನ್ನು ಹದಕ್ಕೆ ತಂದು, ಬೂದಿ ತೆಗೆಯುವ ಬಾಗಿಲಿನ ಸಂದುಗಳನ್ನು ಮುಚ್ಚಿ, ಆಮ್ಲಜನಕವನ್ನು ಶೇಕಡಾ 7ಕ್ಕೆ ಇಳಿಸಿದರೆ ಆ ನಷ್ಟ ಶೇಕಡಾ 12-13ಕ್ಕೆ ಇಳಿಯುತ್ತದೆ. ಹೀಗೆ ಬಾಯ್ಲರಿನ ದಕ್ಷತೆ ಶೇಕಡಾ 65ರಿಂದ 71ಕ್ಕೆ ಏರಿದರೆ, ಅಷ್ಟೇ ಹಬೆಗೆ ಹೊಟ್ಟಿನ ಖರ್ಚು ಹನ್ನೆರಡರಲ್ಲಿ ಒಂದು ಪಾಲು ಕಡಿಮೆ. ಹೊಸ ಯಂತ್ರವೇನೂ ಇದಕ್ಕೆ ಬೇಕಾಗಿಲ್ಲ.

ಹಾಗಾದರೆ ಆಮ್ಲಜನಕವನ್ನು ಇನ್ನೂ ಇಳಿಸಬಾರದೇಕೆ? ಇಲ್ಲಿಯೇ ಸಂಶೋಧನೆಯ ತಿಳಿವಳಿಕೆ ಕೈಹಿಡಿಯುತ್ತದೆ. ಹೊಟ್ಟಿನ ತೂಕದಲ್ಲಿ ಶೇಕಡಾ 15ರಿಂದ 20 ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ, ಮರಳಿನಲ್ಲಿರುವ ಅದೇ ವಸ್ತು. ಹೊಟ್ಟು ಉರಿದ ಮೇಲೂ ಸಿಲಿಕಾದ ಹಂದರ ಹಾಗೆಯೇ ನಿಂತು ಒಳಗಿನ ಇಂಗಾಲಕ್ಕೆ ಗಾಳಿ ತಲುಪದಂತೆ ತಡೆಯುತ್ತದೆ. ಗಾಳಿಯನ್ನು ಮಿತಿಮೀರಿ ಕಡಿಮೆ ಮಾಡಿದರೆ ಚಿಮಣಿಯಲ್ಲಿ ಉಳಿಸಿದ್ದನ್ನು ಬೂದಿಯಲ್ಲಿ ಕಳೆದುಕೊಳ್ಳುತ್ತೇವೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಬೂದಿ ಕಪ್ಪಾಗಿದೆಯೋ ಬೆಳ್ಳಗಾಗಿದೆಯೋ ಎಂದು ನೋಡಿಯೇ ಬಾಯ್ಲರಿನ ಬೆಂಕಿ ನೋಡಿಕೊಳ್ಳುವ ಅನುಭವಿ ಫೈರ್‌ಮನ್ ಇದನ್ನು ಹೇಳಬಲ್ಲ. ಅಂಥವರ ಮಾತನ್ನು ನಾನು ಯಾವ ಉಪಕರಣದ ಓದಿಗಿಂತಲೂ ಕಡಿಮೆಯೆಂದು ಎಣಿಸಿಲ್ಲ. ಗಿರಣಿಗೆ ಹೋದರೆ ಮೊದಲು ಮಾತಾಡಿಸುವುದು ಅವರನ್ನೇ. ಬೂದಿಯ ವಿಷಯದಲ್ಲಿ ಇನ್ನೊಂದು ಮಾತು: ಸುಮಾರು 700 ಡಿಗ್ರಿಯ ಒಳಗೆ ಹದವಾಗಿ ಉರಿದ ಹೊಟ್ಟಿನ ಬೂದಿಯ ಸಿಲಿಕಾ ಸಿಮೆಂಟಿನೊಂದಿಗೆ ಚೆನ್ನಾಗಿ ಬೆರೆತು ಗಟ್ಟಿಯಾಗುತ್ತದೆ, ಅತಿ ಶಾಖದಲ್ಲಿ ಅದು ಹರಳುಗಟ್ಟಿ ಆ ಗುಣವನ್ನು ಕಳೆದುಕೊಳ್ಳುತ್ತದೆ.

"ಹೊಟ್ಟು ನಮ್ಮದೇ ಗಿರಣೀದು, ಪುಕ್ಕಟೆ ಬರೋದನ್ನ ಉಳಿಸಿ ಏನ್ ಮಾಡ್ಲಿ ಇಂಜಿನಿಯರ್ರೆ?" ಎಂದು ಕೇಳುವ ಸಾಹುಕಾರರಿಗೆ ಉತ್ತರ ಕೊಡುವುದೂ ಸಲಹೆಗಾರನ ಕೆಲಸವೇ. ಇಟ್ಟಿಗೆ ಗೂಡಿನವರು, ಹೊಟ್ಟನ್ನು ಒತ್ತಿ ಬ್ರಿಕೆಟ್ ಎಂಬ ಇಂಧನದ ಗಟ್ಟಿ ಮಾಡುವವರು, ಬೇರೆ ಕಾರ್ಖಾನೆಗಳ ಬಾಯ್ಲರಿನವರು ಹೊಟ್ಟನ್ನು ಹಣ ಕೊಟ್ಟು ಒಯ್ಯುವಾಗ ಉಳಿದ ಹೊಟ್ಟು ಪುಕ್ಕಟೆಯಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಕಡೆ ಶೇಂಗಾ ಹೊಟ್ಟಿಗೂ ಇದೇ ಮಾತು ಸಲ್ಲುತ್ತದೆ, ಅದರ ಉಷ್ಣಮೌಲ್ಯವಂತೂ ಭತ್ತದ ಹೊಟ್ಟಿಗಿಂತ ಹೆಚ್ಚು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯ ಅರ್ಧ ತೂಕ ನೀರೇ ಆಗಿರುವುದರಿಂದ ಅಲ್ಲಿ ಪ್ರಶ್ನೆ ಬೇರೆ: ಚಿಮಣಿಗೆ ಹೋಗುವ ಶಾಖದಿಂದ ಸಿಪ್ಪೆಯನ್ನು ಎಷ್ಟು ಒಣಗಿಸಬಹುದು, ಹೆಚ್ಚು ಒತ್ತಡದ ಹಬೆಯಿಂದ ಎಷ್ಟು ವಿದ್ಯುತ್ತು ತೆಗೆಯಬಹುದು ಎಂಬುದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನಮ್ಮ ಊರಿನ ಮಂಡಕ್ಕಿ ಭಟ್ಟಿಗಳು. ಒಂದು ಕಾಲಕ್ಕೆ ಅಲ್ಲಿ ಹಳೆಯ ಟೈರುಗಳನ್ನು ಉರಿಸುತ್ತಿದ್ದುದು, ಆ ಕಪ್ಪು ಹೊಗೆ ಸುತ್ತಲಿನ ಮನೆಗಳಿಗೆ ನುಗ್ಗುತ್ತಿದ್ದುದು ದಾವಣಗೆರೆಯವರಿಗೆಲ್ಲ ಗೊತ್ತು. ಟೈರಿನಲ್ಲಿ ಗಂಧಕವಿದೆ, ಸತುವಿದೆ. ತೆರೆದ ಒಲೆಯಲ್ಲಿ ಅದು ಎಂದೂ ಪೂರ್ತಿ ಉರಿಯದೆ ಮಸಿಯಾಗಿ ಹೊರಬರುತ್ತದೆ. ಬಿಸಿ ಮರಳಿನಲ್ಲಿ ಅಕ್ಕಿಯನ್ನು ಹುರಿಯುವ ಆ ಕುಟುಂಬಗಳಿಗೆ ದುಬಾರಿ ಯಂತ್ರ ಕೊಳ್ಳುವ ಶಕ್ತಿಯಿಲ್ಲ, ದಂಡ ಹಾಕಿ ಭಟ್ಟಿ ಮುಚ್ಚಿಸುವುದು ನ್ಯಾಯವೂ ಅಲ್ಲ. ಹೊಟ್ಟನ್ನೇ ಇಂಧನವಾಗಿಟ್ಟುಕೊಂಡು, ಮೊದಲ ಗಾಳಿ ಕೆಳಗಿನಿಂದ, ಎರಡನೆಯ ಗಾಳಿ ಜ್ವಾಲೆಯ ಮೇಲ್ಭಾಗಕ್ಕೆ ಸಿಗುವಂತೆ, ಹೊಗೆ ಕೆಲಸಗಾರರ ಮುಖಕ್ಕೆ ಬಾರದೆ ಚಿಮಣಿಗೆ ಹೋಗುವಂತೆ ಒಲೆಯನ್ನು ರೂಪಿಸುವುದು ಒಂದು ಪಿಎಚ್.ಡಿ.ಗೆ ಸಾಲುವಷ್ಟು ಗಟ್ಟಿಯಾದ ದಹನದ ಪ್ರಶ್ನೆ. ಇದನ್ನು ಯಾರಾದರೂ ನಮ್ಮೂರಿನ ಕಾಲೇಜಿನಿಂದಲೇ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಬಹುಕಾಲದ ಆಸೆ.

ಸಲಹೆಗಾರನಾಗಲು ಪಿಎಚ್.ಡಿ. ಕಡ್ಡಾಯವಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2002ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ ನಡೆಸುವ ಎನರ್ಜಿ ಆಡಿಟರ್ (ಇಂಧನ ಬಳಕೆಯ ಲೆಕ್ಕ ಪರಿಶೋಧಕ) ಪರೀಕ್ಷೆಯಲ್ಲಿ ನಾಲ್ಕು ಪತ್ರಿಕೆಗಳಿವೆ. ಇಂಜಿನಿಯರಿಂಗ್ ಪದವಿಯ ನಂತರ 3 ವರ್ಷಗಳ ಸಂಬಂಧಪಟ್ಟ ಅನುಭವ ಬೇಕು. 2012ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪ್ಯಾಟ್ (ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್) ಯೋಜನೆ ಸಿಮೆಂಟು, ಉಕ್ಕು, ಕಾಗದ, ಜವಳಿ ಮೊದಲಾದ ಕ್ಷೇತ್ರಗಳ ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿಯನ್ನು ಕೊಟ್ಟ ಮೇಲೆ ಆಡಿಟರ್‌ಗಳಿಗೆ ಬೇಡಿಕೆ ಬಂತು. ಆದರೂ ಪರೀಕ್ಷೆ ಪಾಸಾಗಿ ಪಟ್ಟಿ ನೋಡಿ ವರದಿ ಬರೆಯುವವರು ಸಾಕಷ್ಟಿದ್ದಾರೆ; ಬೂದಿಯನ್ನು ಕೈಯಲ್ಲಿ ಹಿಡಿದು ಕಾರಣ ಹೇಳಬಲ್ಲವರು ಕಡಿಮೆ. ಆದಾಯ ತಿಂಗಳ ಸಂಬಳದಂತೆ ಬರುವುದಿಲ್ಲ, ಸಣ್ಣ ಗಿರಣಿಗಳಿಂದ ಹಣ ತಡವಾಗುತ್ತದೆ. ಆದ್ದರಿಂದ ಮೊದಲ ಕೆಲವು ವರ್ಷ ಕಾರ್ಖಾನೆಯಲ್ಲಿ ಅಥವಾ ಸಂಸ್ಥೆಯೊಂದರಲ್ಲಿ ನೌಕರಿ ಮಾಡಿಯೇ ಸ್ವತಂತ್ರವಾಗುವುದು ಒಳ್ಳೆಯದು.

ಈ ಬೇಸಿಗೆ ರಜೆಯಲ್ಲೇ ಶುರುಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಪರಿಚಯದ ಗಿರಣಿಯಿಂದ ಹೊಟ್ಟಿನ ಮಾದರಿಯನ್ನು ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ತನ್ನಿ. ಕಾಲೇಜಿನ ಓವನ್‌ನಲ್ಲಿ 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೇವಾಂಶ ಕಂಡುಹಿಡಿಯಿರಿ, ಬಾಂಬ್ ಕ್ಯಾಲೊರಿಮೀಟರಿನಲ್ಲಿ ಉಷ್ಣಮೌಲ್ಯ ಅಳೆಯಿರಿ, ಅದೇ ಗಿರಣಿಯ ಬಾಯ್ಲರಿನ ಬೂದಿಯನ್ನು ಮತ್ತೆ ಸುಟ್ಟು ಅದರಲ್ಲಿ ಎಷ್ಟು ಇಂಗಾಲ ಉಳಿದಿತ್ತೆಂದು ತೂಗಿ ನೋಡಿ. ಆ ಸಂಖ್ಯೆಗಳನ್ನು ಇಲ್ಲಿಯೇ ಕೆಳಗೆ ಬರೆದರೆ, ಬಾಯ್ಲರಿನ ಪೂರ್ತಿ ಶಾಖದ ಲೆಕ್ಕವನ್ನು ಹೇಗೆ ಕಟ್ಟುವುದೆಂದು ನಾನು ಸಾಲುಸಾಲಾಗಿ ತೋರಿಸಿಕೊಡುತ್ತೇನೆ.